ಕಡೆಯ ಪುಟದಲ್ಲಿ ಇಲ್ಲದ ಹೆಸರು

ವಿಜ್ಞಾನದ ಪ್ರಬಂಧಗಳ ಕಡೆಯಲ್ಲಿ ‘ಕೃತಜ್ಞತೆಗಳು’ ಎಂದು ನಾಲ್ಕು ಸಾಲು ಇರುತ್ತವೆ. ನಾನು ಮೆಟ್ರಿಕ್ ಓದಿದವನು. ಪ್ರಬಂಧದ ಒಳಗಿನ ಲೆಕ್ಕ ನನಗೆ ತಿಳಿಯದು, ಆ ನಾಲ್ಕು ಸಾಲು ತಿಳಿಯುತ್ತವೆ. ಬ್ಯಾಂಕಿನ ಗುಮಾಸ್ತನಾಗಿದ್ದವನಲ್ಲವೆ, ಯಾರಿಂದ ಏನು ಜಮಾ ಆಯಿತು ಎಂದು ನೋಡುವ ಚಾಳಿ ಹೋಗಿಲ್ಲ.

ಐಸೋಟೋಪ್ ಎಂಬ ಮಾತನ್ನೇ ನೋಡಿ. ಒಂದೇ ಮೂಲವಸ್ತು, ತೂಕ ಬೇರೆ ಬೇರೆ. ಅಂಥ ಪರಮಾಣುಗಳಿಗೆ ಈ ಹೆಸರು. 1913ರಲ್ಲಿ ಇದನ್ನು ಬಳಕೆಗೆ ತಂದ ಫ್ರೆಡರಿಕ್ ಸಾಡಿಯವರಿಗೆ 1921ರ ನೊಬೆಲ್ ಬಹುಮಾನ ಸಂದಿತು. ಆದರೆ ಮಾತನ್ನು ಹುಡುಕಿಕೊಟ್ಟವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ, ಗ್ಲಾಸ್ಗೋ ನಗರದ ಒಂದು ಮನೆಯಲ್ಲಿ ಊಟಕ್ಕೆ ಸೇರಿದ್ದಾಗ.

ನಮ್ಮವರ ಕೆಲಸವೂ ಉಂಟು. ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದು ಅಲ್ಲಿನ ಆರ್ಗಾನ್ ಪರಮಾಣುಗಳನ್ನು ಒಡೆದಾಗ ಸಿಲಿಕಾನ್-32 ಎಂಬ ಐಸೋಟೋಪ್ ಹುಟ್ಟುತ್ತದೆ, ಕಡೆಗೆ ಸಮುದ್ರ ಸೇರುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ದೇವೇಂದ್ರ ಲಾಲ್ ಅವರು ಗೋಲ್ಡ್‌ಬರ್ಗ್, ಕೊಯಿಡೆ ಎಂಬಿಬ್ಬರೊಡನೆ ಸಮುದ್ರದ ಸ್ಪಂಜುಗಳಲ್ಲಿ ಅದನ್ನು ಕಂಡು 1960ರಲ್ಲಿ ಪ್ರಕಟಿಸಿದರು.

ಆ ವಿಶ್ವಕಿರಣಗಳನ್ನು ಅಳೆಯಲು ಅದೇ ಸಂಸ್ಥೆ ಹೈದರಾಬಾದಿನಿಂದ ದೊಡ್ಡ ಬಲೂನುಗಳನ್ನು ಹಾರಿಸುತ್ತ ಬಂದಿದೆ. 1969ರಲ್ಲಿ ಕಾಯಂ ಕೇಂದ್ರವಾಯಿತು. ತೆಳ್ಳನೆಯ ಪ್ಲಾಸ್ಟಿಕ್ ಬಲೂನು 30-40 ಕಿಲೋಮೀಟರ್ ಮೇಲೇರುತ್ತದೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಎಲ್ಲಿ? ಗಾಳಿ ಒಯ್ದಲ್ಲಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಬೀದರಿನ ಹೊಲಗಳೆಲ್ಲ ಆ ದಾರಿಯಲ್ಲೇ ಇವೆ. ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ, ಇನಾಮು ಕೊಡುತ್ತೇವೆ ಎಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೀವೂ ಓದಿರಬೇಕು.

ನಾನು ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ಕಡೆಯ ಒಂದು ತೊಗರಿ ಹೊಲದಲ್ಲಿ ಇಂಥ ಪೆಟ್ಟಿಗೆ ಬಿತ್ತು. ಬಾಂಬು ಎಂದು ಊರೆಲ್ಲ ದೂರ ನಿಂತಿತು. ಅಂಟಿಸಿದ್ದ ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳಲು ನನ್ನನ್ನು ಕರೆದರು. ಭಯ ಹೋದದ್ದೇ ತಡ, ಹುಡುಗರ ಕಣ್ಣು ಪ್ಯಾರಾಚೂಟಿನ ಬಟ್ಟೆಯ ಮೇಲೆ, ದೊಡ್ಡವರ ಕಣ್ಣು ಹಗ್ಗದ ಮೇಲೆ. ಬಾವಿಗೆ ಅಂಥ ಹಗ್ಗ ಎಲ್ಲಿ ಸಿಗಬೇಕು! ಹೊಲದ ಮುದುಕರು ಬಡಿಗೆ ಹಿಡಿದು ಕಂಬಳಿ ಹೊದ್ದು ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟರು. ‘ಚಳಿ ಅದ ಕಾಕಾ, ಮನೀಗಿ ಹೋಗ್ರಿ’ ಎಂದೆ.

‘ಮಂದಿ ಸಾಮಾನ ಅದ ಸಾಹೇಬ್ರ. ಅವರು ಬರೂತನಕ ಕೂಡ್ತೀನಿ’ ಎಂದರು.

ಮರುದಿನ ಜೀಪು ಬಂತು. ಬಂದವರು ಮೊದಲು ಪೆಟ್ಟಿಗೆಯನ್ನು ಸುತ್ತಿ ನೋಡಿ, ಏನೂ ಕಳಚಿಲ್ಲವೆಂದು ನಿಟ್ಟುಸಿರು ಬಿಟ್ಟರು. ಇನಾಮು ಕೊಟ್ಟರು, ಕೈಮುಗಿದರು. ಕಾಕಾ ರಸೀದಿಗೆ ಹೆಬ್ಬೆಟ್ಟು ಒತ್ತಿದರು. ಮುರಿದ ತೊಗರಿಯ ಮಾತನ್ನು ಅವರು ಎತ್ತಲೇ ಇಲ್ಲ, ನಾನೇ ಎತ್ತಿದೆ.

2025ರ ಜನವರಿಯಲ್ಲಿ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಬಲೂನು ಬಿದ್ದ ಸುದ್ದಿ ಓದಿದಾಗ ಕಾಕಾ ನೆನಪಾದರು. ಈಗ ಅವರಿಲ್ಲ. ಮಕ್ಕಳು ಅದೇ ಹೊಲ ಉಳುತ್ತಿದ್ದಾರೆ, ಸಂಜೆ ರೇಡಿಯೋ ಹಚ್ಚುತ್ತಾರೆ. ನಿಮ್ಮ ತಂದೆ ಒಂದು ರಾತ್ರಿ ಕಾದದ್ದು ಏನನ್ನು ಎಂಬುದನ್ನು ಅವರಿಗೆ ತಿಳಿಸಲೆಂದೇ ಈ ಮಾತು ಬರೆದೆ.