ಎಳೆಯ ನಕ್ಷತ್ರಗಳ ತಲೆಯೆಣಿಕೆ



ನಕ್ಷತ್ರ ಹುಟ್ಟುವುದು ಕತ್ತಲಲ್ಲಿ. ತಣ್ಣನೆಯ ಅನಿಲ, ಧೂಳು ತುಂಬಿದ ಮೋಡವೊಂದು ತನ್ನದೇ ಭಾರಕ್ಕೆ ಕುಸಿಯುತ್ತ ಹೋದಂತೆ ಅದರ ಒಡಲಲ್ಲಿ ನಕ್ಷತ್ರ ಮೈಗೂಡುತ್ತದೆ. ಸುತ್ತಲಿನ ಧೂಳು ಅದರ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ನುಂಗಿದ ಧೂಳು ಬೆಚ್ಚಗಾಗಿ, ಆ ಶಾಖವನ್ನು ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪಿನಾಚೆ ಬಣ್ಣವೇ ಇಲ್ಲದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಶಾಖ ಏರಿತಲ್ಲ, ಅದೇ ಕಿರಣ.

ಇಂಥ ಎಳೆಯ ನಕ್ಷತ್ರಗಳನ್ನು ನಮ್ಮ ಆಕಾಶಗಂಗೆಯಲ್ಲೇ ಎಣಿಸಬಾರದೇಕೆ? ಎಣಿಸಬಹುದು. ಆದರೆ ಅದು ಓಣಿಯೊಳಗೆ ನಿಂತು ಊರಿನ ಮನೆಗಳನ್ನು ಲೆಕ್ಕ ಹಾಕಿದ ಹಾಗೆ. ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುವುದೇ ಕಷ್ಟ. ಸುಮಾರು 1,60,000 ಜ್ಯೋತಿರ್ವರ್ಷ ಆಚೆ ಇರುವ ನೆರೆಯ ಗೆಲಾಕ್ಸಿ, ದೊಡ್ಡ ಮೆಗಲಾನಿಕ್ ಮೋಡದಲ್ಲಿ ಈ ತೊಡಕಿಲ್ಲ. ಅಲ್ಲಿನವೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ. ಪ್ರಖರವಾಗಿ ಕಂಡದ್ದು ನಿಜಕ್ಕೂ ಪ್ರಖರ.

2003ರಲ್ಲಿ ಹಾರಿದ ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕದಿಂದ ಖಗೋಳ ವಿಜ್ಞಾನಿ ಮಾರ್ಗರೆಟ್ ಮೀಕ್ಸ್ನರ್ ಅವರ ತಂಡ ಆ ಗೆಲಾಕ್ಸಿಯನ್ನು ಇಡಿಯಾಗಿ ಜಾಲಾಡಿತು. ಅದುವರೆಗೆ ಅಲ್ಲಿ ಗೊತ್ತಿದ್ದ ಎಳೆಯ ನಕ್ಷತ್ರಗಳು ತೀರ ಕೆಲವು. 2008ರ ಪಟ್ಟಿಯಲ್ಲಿ ಸುಮಾರು ಒಂದು ಸಾವಿರ ಸೇರಿದವು. ಸೇರಿದರೂ ಅವು ಅಭ್ಯರ್ಥಿಗಳು ಮಾತ್ರ. ಈ ಹುಷಾರಿಗೆ ಕಾರಣ ಸ್ವಾರಸ್ಯದ್ದು. ಸಾಯುವ ಕಾಲಕ್ಕೆ ನಕ್ಷತ್ರ ತಾನೇ ಉಗುಳಿದ ಧೂಳನ್ನು ಹೊದ್ದುಕೊಳ್ಳುತ್ತದೆ. ಅವಕೆಂಪಿನಲ್ಲಿ ಕೂಸಿಗೂ ಮುದುಕನಿಗೂ ಒಂದೇ ಚಹರೆ! ಸಾಲದ್ದಕ್ಕೆ, ಹಿನ್ನೆಲೆಯ ದೂರದ ಗೆಲಾಕ್ಸಿಗಳೂ ಕೆಂಪು ಚುಕ್ಕಿಗಳಾಗಿ ಇಣುಕುತ್ತವೆ. ಬಣ್ಣ, ಪ್ರಖರತೆ ನೋಡಿ ಒಂದಷ್ಟು ಜರಡಿ ಹಿಡಿಯಬಹುದು. ಉಳಿದದ್ದಕ್ಕೆ ರೋಹಿತ, ಅಂದರೆ ಕಿರಣವನ್ನು ಅಲೆಯುದ್ದಗಳಾಗಿ ಬಿಡಿಸಿದ ಪಟ್ಟಿ ಬೇಕು. ಹುಟ್ಟುತ್ತಿರುವ ನಕ್ಷತ್ರದ ತಣ್ಣನೆಯ ಹೊದಿಕೆಯಲ್ಲಿ ನೀರು, ಇಂಗಾಲದ ಡೈಆಕ್ಸೈಡ್ ಹಿಮವಾಗಿ ಧೂಳಿಗೆ ಅಂಟಿರುತ್ತವೆ, ಅವುಗಳ ಗುರುತು ರೋಹಿತದಲ್ಲಿ ಬೀಳುತ್ತದೆ. ಹುಟ್ಟಿನ ಸಾಕ್ಷಿಗೆ ಹಿಮ ಬರುತ್ತದೆಂದು ಯಾರು ಎಣಿಸಿದ್ದರು!

ಸ್ಪಿಟ್ಜರ್‌ಗೆ ಕಂಡವು ಬಹುಪಾಲು ಭಾರಿ ನಕ್ಷತ್ರಗಳೇ. ಸೂರ್ಯನಂಥ ಸಾಧಾರಣದವು ಅಷ್ಟು ದೂರದಿಂದ ತೀರ ಮಂಕು. 2020ರ ಜನವರಿಯಲ್ಲಿ ಅದು ನಿವೃತ್ತಿಯಾಯಿತು, ಮುಂದೆ ಕೆಲಸ ಜೇಮ್ಸ್ ವೆಬ್ ದೂರದರ್ಶಕದ ಕೈಗೆ ಬಂತು. ಪಕ್ಕದ ಇನ್ನೊಂದು ಗೆಲಾಕ್ಸಿ, ಚಿಕ್ಕ ಮೆಗಲಾನಿಕ್ ಮೋಡದಲ್ಲಿ ಹೀಲಿಯಂಗಿಂತ ಭಾರವಾದ ಧಾತುಗಳು ವಿರಳ. ಧೂಳಿಗೇ ಬರ, ಇನ್ನು ಆ ಧೂಳಿನಿಂದಾಗುವ ಗ್ರಹಗಳೆಲ್ಲಿ ಬರಬೇಕು ಎಂಬ ಅನುಮಾನವಿತ್ತು. 2023ರಲ್ಲಿ ಪ್ರಕಟವಾದ ವೆಬ್ ಚಿತ್ರಗಳಲ್ಲಿ, ಅಲ್ಲಿನ ಎನ್‌ಜಿಸಿ 346 ಎಂಬ ಗುಚ್ಛದ ಪುಟ್ಟ ಎಳೆಯ ನಕ್ಷತ್ರಗಳೂ ಅನಿಲದ ಜೊತೆ ಧೂಳನ್ನು ತಮ್ಮತ್ತ ಸೆಳೆದುಕೊಳ್ಳುತ್ತಿರುವುದು ಕಂಡಿದೆ.