ಕಂದುಕಗಿರಿಯ ಮೃಡೇಶಲಿಂಗದರ್ಶನ



ಅಂಗದ ಮೇಲೆ ಲಿಂಗವನ್ನು ಧರಿಸಿದವನು ಬೆಟ್ಟವನ್ನೇರಿ ಮತ್ತೊಂದು ಲಿಂಗವನ್ನು ಕಾಣಹೋಗುವದೇತಕ್ಕೆ? ಈ ಪ್ರಶ್ನೆಯು ಹೊಸದಲ್ಲ. ಮಠದ ಪಡಸಾಲೆಯಲ್ಲಿ ಯಾತ್ರೆಯ ಮಾತು ಬಂದಾಗಲೆಲ್ಲ ಹಿರಿಯರಾರಾದರೂ ಇದನ್ನು ಎತ್ತದೆ ಬಿಡುವದಿಲ್ಲ. ಅವರು ಕೇಳುವದು ನ್ಯಾಯವೂ ಅಹುದು. ಕರಸ್ಥಲದ ಲಿಂಗವನ್ನು ಮರೆತು ಕಲ್ಲುಗುಡಿಗಳನ್ನು ಅರಸುತ್ತ ಅಲೆಯುವವರನ್ನು ಶರಣರು ಕಟುವಾಗಿಯೇ ಎಚ್ಚರಿಸಿದ್ದಾರೆ. ಆದರೂ ಘಟ್ಟದ ಮೇಲಣ ಭಕ್ತರು ಘಟ್ಟವನ್ನಿಳಿದು ಗೋಕರ್ಣಕ್ಕೂ ಮುರುಡೇಶ್ವರಕ್ಕೂ ಹೋಗುತ್ತ ಬಂದಿರುವರು. ಈ ತೊಡಕನ್ನು ಬಿಡಿಸುವ ಸುಳಿವು ಆ ಬೆಟ್ಟದ ಕತೆಯಲ್ಲಿಯೇ ಅಡಗಿರುವದು.

ಭಟ್ಕಳ ಪಟ್ಟಣದಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರು ನಡೆದರೆ ಮುರುಡೇಶ್ವರವು ಸಿಕ್ಕುವದು. ಮೂರು ದಿಕ್ಕಿಗೂ ಅರಬ್ಬೀ ಸಮುದ್ರವು ಸುತ್ತಿಕೊಂಡಿರುವ ಕಿರಿಯದೊಂದು ಗುಡ್ಡ. ಅದಕ್ಕೆ ಕಂದುಕಗಿರಿಯೆಂದು ಹೆಸರು. ಕಂದುಕವೆಂದರೆ ಚೆಂಡು. ಘಟ್ಟದ ಶಿಖರಗಳನ್ನು ಕಂಡ ಕಣ್ಣಿಗೆ ಇದು ಬೆಟ್ಟವೇ ಎಂದು ನಗೆ ಬಂದೀತು. ಆದರೆ ಎತ್ತರವನ್ನು ಅಳೆದು ಕ್ಷೇತ್ರದ ಹಿರಿಮೆಯನ್ನು ನಿರ್ಣಯಿಸುವ ಪದ್ಧತಿಯು ನಮ್ಮ ದೇಶದಲ್ಲಿಲ್ಲ. ಇಲ್ಲಿಯ ದೈವಕ್ಕೆ ಮೃಡೇಶಲಿಂಗವೆಂದು ಹೆಸರು. ಮೃಡನೆಂಬುದು ಶಿವನ ನಾಮಗಳಲ್ಲೊಂದು.

ಕತೆಯು ಎಲ್ಲರೂ ಬಲ್ಲದ್ದೇ. ಲಂಕೆಯ ರಾವಣನ ತಾಯಿಯು ಕಡಲ ತಡಿಯಲ್ಲಿ ಮಳಲಿನ ಲಿಂಗವನ್ನು ಮಾಡಿ ಪೂಜಿಸುತ್ತಿದ್ದಳಂತೆ. ತಾಯಿಗಾಗಿ ಶಿವನ ಆತ್ಮಲಿಂಗವನ್ನೇ ತರುವೆನೆಂದು ಮಗನು ಕೈಲಾಸಕ್ಕೆ ಹೋದನು. ಉಗ್ರವಾದ ತಪಸ್ಸಿಗೆ ಮೆಚ್ಚಿ ಶಿವನು ಲಿಂಗವನ್ನಿತ್ತು, ಊರು ಮುಟ್ಟುವ ತನಕ ಅದನ್ನು ನೆಲಕ್ಕಿಡಬಾರದೆಂದು ಕಟ್ಟುಮಾಡಿದನು. ದೇವತೆಗಳಿಗೆ ಕಳವಳವಾಯಿತು. ವಿಷ್ಣುವು ಚಕ್ರದಿಂದ ಸೂರ್ಯನನ್ನು ಮರೆಮಾಡಲು, ಸಂಜೆಯಾಯಿತೆಂದು ಬಗೆದ ರಾವಣನು ಸಂಧ್ಯಾವಂದನೆಗೆ ಹೊರಡುವಾಗ, ಎದುರಿಗೆ ವಟುವೇಷದಿಂದ ನಿಂತಿದ್ದ ಗಣಪತಿಯ ಕೈಗೆ ಲಿಂಗವನ್ನು ಕೊಟ್ಟನು. ಮೂರು ಸಲ ಕರೆದರೂ ಬಾರದಿದ್ದರೆ ಇಳಿಸಿಬಿಡುವೆನೆಂದು ವಟುವು ಹೇಳಿದ್ದನು; ಹಾಗೆಯೇ ಮಾಡಿದನು. ಓಡಿಬಂದ ರಾವಣನು ಸಿಟ್ಟಿನಿಂದ ಅವನ ತಲೆಗೆ ಗುದ್ದಿದ ತಗ್ಗು ಗೋಕರ್ಣದ ಮಹಾಗಣಪತಿಯ ನೆತ್ತಿಯಲ್ಲಿದೆಯೆಂದು ಇಂದಿಗೂ ತೋರಿಸುವರು. ತನ್ನ ಬಲವನ್ನೆಲ್ಲ ಹಾಕಿ ತಿರುಚಿ ಎಳೆದರೂ ಲಿಂಗವು ಏಳಲಿಲ್ಲ. ಅಂಥ ರಾವಣನನ್ನೂ ಸೋಲಿಸಿದ್ದರಿಂದ ಅದು ಮಹಾಬಲೇಶ್ವರನಾಯಿತು. ತಿರುಚಿದಾಗ ಗೋವಿನ ಕಿವಿಯ ರೂಪವಾದ್ದರಿಂದ ಸ್ಥಳವು ಗೋಕರ್ಣವಾಯಿತು.

ಆ ಮೇಲೆ ನಡೆದುದು ಇನ್ನೂ ಗಮನಿಸತಕ್ಕುದಾಗಿದೆ. ಲಿಂಗವು ಕೈಬಿಟ್ಟುಹೋದ ರಾವಣನು ಅದರ ಉಡುಗೆತೊಡುಗೆಗಳನ್ನು ದಿಕ್ಕುದಿಕ್ಕಿಗೆ ಎಸೆದನಂತೆ. ಪಾಠಗಳಲ್ಲಿ ಅಲ್ಪಸ್ವಲ್ಪ ಭೇದವುಂಟು. ಸಾಮಾನ್ಯವಾಗಿ ಹೇಳುವಂತೆ ಲಿಂಗದ ಕರಂಡಕವು ಕಾರವಾರದ ಕಡೆಯ ಸಜ್ಜೇಶ್ವರದಲ್ಲಿಯೂ, ಮುಚ್ಚಳವು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿಯೂ, ದಾರವು ಕುಮಟೆಯ ಕಡೆಯ ಧಾರೇಶ್ವರದಲ್ಲಿಯೂ, ಹೊದಿಸಿದ್ದ ವಸ್ತ್ರವು ಈ ಕಂದುಕಗಿರಿಯಲ್ಲಿಯೂ ಬಿದ್ದವು. ಗೋಕರ್ಣವೂ ಸೇರಿ ಇವು ಪಂಚಕ್ಷೇತ್ರಗಳೆನಿಸಿದವು.

ಕರಂಡಕ, ಮುಚ್ಚಳ, ದಾರ, ವಸ್ತ್ರ! ಮಠದ ಶಿಷ್ಯರಲ್ಲಿ ಈ ನಾಲ್ಕನ್ನು ಅರಿಯದವರಾರು? ಕೊರಳಲ್ಲಿರುವ ಕರಡಿಗೆಯನ್ನು ಮುಟ್ಟಿ ನೋಡಿಕೊಂಡರೆ ಸಾಕು. ಲಿಂಗದ ಮನೆಗೆ ಸೆಜ್ಜೆಯೆಂಬ ಹೆಸರು ವಚನಕಾರರ ಕಾಲದ್ದು, ಶಿವದಾರವಿಲ್ಲದ ಲಿಂಗಧಾರಣೆಯಿಲ್ಲ, ಲಿಂಗವಸ್ತ್ರವನ್ನು ಮಡಿಯಾಗಿರಿಸದ ಮನೆಯಿಲ್ಲ. ಊರಹೆಸರುಗಳ ವ್ಯುತ್ಪತ್ತಿಯನ್ನು ಪಂಡಿತರಿಗೆ ಬಿಡೋಣ. ಲಿಂಗಧಾರಣೆಯೇ ಈ ಕತೆಗೆ ಮೂಲವೆಂದು ವಾದಿಸುವ ಅವಶ್ಯಕತೆಯೂ ಇಲ್ಲ. ಆದರೆ ಕೈಯಲ್ಲಿ ಹಿಡಿದು ತರುತ್ತಿದ್ದ ಲಿಂಗವೊಂದನ್ನು ನೆಲಕ್ಕಿಳಿಸಿದ ಕ್ಷಣದಲ್ಲಿಯೇ ಅದು ಸ್ಥಾವರವಾಯಿತೆಂಬ ಈ ಕತೆಯು, ಅಂಗದಿಂದ ಲಿಂಗವನ್ನು ಅಗಲಿಸಬಾರದೆಂಬ ನಿಯಮವನ್ನು ಹೊತ್ತವನಿಗೆ ಕೇಳಿಸುವಂತೆ ಬೇರೆಯವರಿಗೆ ಕೇಳಿಸಲಾರದು. ರಾವಣನಲ್ಲಿ ಭಕ್ತಿಯ ಕೊರತೆಯಿರಲಿಲ್ಲ. ಅವನು ಒಂದು ಗಳಿಗೆಯ ಮಟ್ಟಿಗೆ ಲಿಂಗವನ್ನು ಪರರ ಕೈಗಿತ್ತನು, ಅಷ್ಟೇ.

ಲಿಂಗಧಾರಿಗಳು ಸ್ಥಾವರಲಿಂಗವನ್ನು ತಿರಸ್ಕರಿಸಲೇಬೇಕೆಂಬವರು ಕೆಳದಿಯ ಅರಸರನ್ನು ನೆನೆಯಬೇಕು. 17ನೆಯ ಶತಮಾನದಲ್ಲಿ ಈ ಕರಾವಳಿಯು ಅವರ ಕೈಸೇರಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವ ತನಕ ಅವರ ಆಳಿಕೆಯು ನಡೆಯಿತು. ನಿಷ್ಠೆಯ ವೀರಶೈವರಾದ ಅವರೇ ಕೆಳದಿಯಲ್ಲಿ ರಾಮೇಶ್ವರನಿಗೂ ಇಕ್ಕೇರಿಯಲ್ಲಿ ಅಘೋರೇಶ್ವರನಿಗೂ ಗುಡಿಗಳನ್ನೆತ್ತಿಸಿದರು. ಇನ್ನೂ ಹಿಂದಕ್ಕೆ ಹೋದರೆ, ಅರುವತ್ತುಮೂವರು ಪುರಾತನರಲ್ಲಿ ಸೇರಿದ ತಿರುನಾವುಕ್ಕರಸರೂ ಜ್ಞಾನಸಂಬಂಧರೂ ದೂರದ ತಮಿಳುನಾಡಿನವರಾಗಿದ್ದು ಗೋಕರ್ಣವನ್ನು ಹಾಡಿರುವರು.

ಈಗಿನ ಕಂದುಕಗಿರಿಯು ನಮ್ಮ ಅಜ್ಜಂದಿರು ಕಂಡ ಗುಡ್ಡವಲ್ಲ. ಇದೇ ಊರಿನಲ್ಲಿ 1928ರಲ್ಲಿ ಹುಟ್ಟಿ 2020ರಲ್ಲಿ ಶಿವಾಧೀನರಾದ ಉದ್ಯಮಿ ಆರ್. ಎನ್. ಶೆಟ್ಟಿಯವರ ದ್ರವ್ಯಸಹಾಯದಿಂದ ಗುಡಿಯ ಆವರಣವೆಲ್ಲ ಹೊಸದಾಯಿತು. ಶಿವಮೊಗ್ಗೆಯ ಶಿಲ್ಪಿ ಕಾಶೀನಾಥರೂ ಅವರ ಸಂಗಡಿಗರೂ 123 ಅಡಿಯೆತ್ತರದ ಶಿವಮೂರ್ತಿಯನ್ನು ಗುಡ್ಡದ ನೆತ್ತಿಯ ಮೇಲೆ ಕುಳ್ಳಿರಿಸಿದರು. 20 ಅಂತಸ್ತಿನ ರಾಜಗೋಪುರವು 237 ಅಡಿಗಳಷ್ಟು ಎತ್ತರವಾಗಿದ್ದು, ಅದರ ಬುಡದಲ್ಲಿ ನಿಜಗಾತ್ರದ ಎರಡು ಆನೆಗಳು ನಿಂತಿವೆ. ಒಳಗೆ ಲಿಫ್ಟಿನ ಅನುಕೂಲತೆಯೂ ಇದೆ. ಮೇಲಿನಿಂದ ನೋಡಿದರೆ ಮೂರ್ತಿಯೂ, ಮೀನುಗಾರರ ದೋಣಿಗಳೂ, ಆಕಾಶವು ತಿಳಿಯಾಗಿದ್ದರೆ ನೇತ್ರಾಣಿ ದ್ವೀಪವೂ ಕಾಣುವವು. ನೋಟವು ಮನೋಹರವೇ; ಅಲ್ಲವೆನ್ನುವವನು ಅರಸಿಕನು. ಆದರೆ ಲಿಫ್ಟಿನಿಂದಿಳಿದು, ಮೂರ್ತಿಯ ಮುಂದೆ ನಿಂತು ಫೋಟೋ ತೆಗೆಯಿಸಿಕೊಂಡು, ಗರ್ಭಗುಡಿಯ ಕಡೆಗೆ ಮುಖವನ್ನೂ ತಿರುಗಿಸದೆ ಬಸ್ಸು ಹತ್ತುವವರ ಸಂಖ್ಯೆಯು ಸಣ್ಣದಲ್ಲ. ಅವರು ಮುರುಡೇಶ್ವರಕ್ಕೆ ಹೋಗಿಬಂದರೇ ಹೊರತು ಮೃಡೇಶನನ್ನು ಕಂಡವರಲ್ಲ.

ಏಕೆಂದರೆ ಇಷ್ಟೆಲ್ಲ ಹೊಸತಿನ ನಡುವೆ ಗರ್ಭಗುಡಿಯೊಂದು ಮಾತ್ರ ಮೊದಲಿನಂತೆಯೇ ಕತ್ತಲೆಯಾಗಿ ಉಳಿದಿದೆ. ಲಿಂಗವೆಂದರೆ ಅಲ್ಲಿ ನುಣುಪಾಗಿ ಕಡೆದ ಶಿಲೆಯಲ್ಲ. ನೆಲಮಟ್ಟಕ್ಕಿಂತ ಸುಮಾರು ಎರಡಡಿ ಕೆಳಗೆ, ಕುಳಿಯೊಂದರಲ್ಲಿರುವ ಒರಟು ಬಂಡೆ. ಗೋಕರ್ಣದಲ್ಲಿ ಭಕ್ತನು ಪೀಠದ ರಂಧ್ರದೊಳಗೆ ಬೆರಳಿಳಿಸಿ ಲಿಂಗಾಗ್ರವನ್ನು ಮುಟ್ಟುವ ರೂಢಿಯುಂಟು. ಇಲ್ಲಿ ಅದಿಲ್ಲ. ಭಕ್ತರಾರಿಗೂ ಒಳಗೆ ಪ್ರವೇಶವಿಲ್ಲ. ಅಭಿಷೇಕ, ರುದ್ರಾಭಿಷೇಕಗಳನ್ನು ಮಾಡಿಸಿದವನೂ ಹೊಸ್ತಿಲ ಮುಂದೆಯೇ ನಿಲ್ಲಬೇಕು. ಅರ್ಚಕರು ಎಣ್ಣೆಯ ದೀಪವನ್ನು ಕುಳಿಯ ಬಳಿಗೆ ಹಿಡಿದಾಗ ಆ ಬೆಳಕಿನಲ್ಲಿ ಕಲ್ಲು ಕಂಡಷ್ಟು ದರ್ಶನ. ಬೆಟ್ಟವನ್ನೇರಿ ಹೋದವನು ಕಡೆಗೆ ತಲೆಬಾಗಿ ಕೆಳಕ್ಕೆ ನೋಡಬೇಕಾಗುವದು. ದೇವಾಲಯವನ್ನು ನವೀಕರಿಸಿದವರು ಈ ಕುಳಿಯನ್ನು ಮುಚ್ಚಿ ಪೀಠವನ್ನೆತ್ತರಿಸಲಿಲ್ಲ, ದೀಪದ ಬದಲು ಝಗಝಗಿಸುವ ವಿದ್ಯುದ್ದೀಪಗಳನ್ನು ತುಂಬಲಿಲ್ಲ. ಅವರ ಸಕಲ ನಿರ್ಮಾಣಗಳಿಗಿಂತ ಈ ಸಂಯಮವು ಹೆಚ್ಚಿನದೆಂದು ಹೇಳಬಹುದು.

ಮಠದ ಶಿಷ್ಯರು ಅಲ್ಲಿಗೆ ಹೋಗುವದಾದರೆ, ಬೆಳಗಿನ ಜಾವದಲ್ಲಿ ಸ್ನಾನವನ್ನು ಮುಗಿಸಿ, ಮೊದಲು ಇಷ್ಟಲಿಂಗಪೂಜೆಯನ್ನು ಮಾಡಿಕೊಂಡು, ಜನಸಂದಣಿಯು ಸೇರುವದಕ್ಕೆ ಮುಂಚೆಯೇ ಗುಡ್ಡವನ್ನೇರುವದು ಲೇಸು. ಮೂರ್ತಿಯ ಅಡಿಯಲ್ಲಿ ಗುಹೆಯಂತೆ ಕಟ್ಟಿ ಆತ್ಮಲಿಂಗದ ಕತೆಯನ್ನು ಬೊಂಬೆಗಳಲ್ಲಿ ತೋರಿಸಿದ್ದಾರೆ. ಮಕ್ಕಳಿದ್ದರೆ ಅವರನ್ನು ಅಲ್ಲಿಗೆ ಕರೆದೊಯ್ದು, ವಟುವು ಲಿಂಗವನ್ನಿಳಿಸುವ ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಗುಡ್ಡದ ಬುಡದಲ್ಲಿ ರಾಮೇಶ್ವರಲಿಂಗವಿದೆ. ಮೇಲೆ ಹೊಸ್ತಿಲಾಚೆ ನಿಂತು ಬಂದವರಿಗೆ ಇಲ್ಲಿ ತಡೆಯಿಲ್ಲ. ಹೆಂಗಸರು, ಗಂಡಸರು, ಮಕ್ಕಳು ತಾವೇ ತಮ್ಮ ಕೈಯಿಂದ ನೀರನ್ನೆರೆದು, ಪತ್ರೆಯನ್ನೇರಿಸಿ, ಮುಟ್ಟಿ ಪೂಜಿಸಿ ಬರುವರು.