ಸುತ್ತಿಗೆ ಕೆಳಗಿಡ್ರಿ, ಪುಲ್ಲರ್ ತಗೊಳ್ರಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಯುವಕರು ಮತ್ತು ಉದ್ಯೋಗ ಎಂಬ ವಿಷಯದ ಮೇಲೆ ನಾಲ್ಕು ಮಾತಾಡ್ರಿ ಅಂತ ಹೇಳಿದ್ದಾರೆ. ದೊಡ್ಡ ದೊಡ್ಡ ಮಾತು ನನಗೆ ಬರೂದಿಲ್ಲ. ನನಗೆ ಬರೂದು ಸ್ಕೂಟರ್ ಎಂಜಿನ್. ಅದಕ್ಕೇ ಹಳೇ ಬಜಾಜ್ ಚೇತಕ್‌ನ ಎಂಜಿನ್ ಹೆಂಗ ಬಿಚ್ಚಿ ಕಟ್ಟಬೇಕು ಅನ್ನೂದನ್ನೇ ಹೇಳ್ತೀನಿ. ಉದ್ಯೋಗದ ಮಾತು ಅದರೊಳಗೇ ಬರ್ತದ.

ಪುಣೆ ಹತ್ತಿರದ ಆಕುರ್ಡಿ ಕಾರ್ಖಾನೆಯ ಈ ಚೇತಕ್ 1972ರಲ್ಲಿ ರಸ್ತೆಗೆ ಬಂತು. ಮೂಲ ವೆಸ್ಪಾದ್ದು. ಒಂದು ಕಾಲಕ್ಕೆ ರೊಕ್ಕ ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕಾಗಿತ್ತು. ಈಗ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆ ಎಷ್ಟೋ ಚೇತಕ್‌ಗಳು ಹಿತ್ತಲಿನಲ್ಲಿ ತುಕ್ಕು ಹಿಡಿದು, ಕಡೆಗೆ ಭಂಗಾರದವನ ತಕ್ಕಡಿಗೆ ಹೋಗ್ತಾವ. ಆದರೆ ಅಪ್ಪನ ಗಾಡಿ ಮತ್ತೆ ಓಡಲಿ ಅಂತ ಹುಡುಕಿಕೊಂಡು ಬಂದು ರೊಕ್ಕ ಕೊಡುವವರೂ ಇದ್ದಾರೆ. ಗಾಡಿ ಇದೆ, ಗಿರಾಕಿ ಇದ್ದಾನೆ. ಸರಿಯಾಗಿ ಕಟ್ಟುವ ಕೈ ಕಡಿಮೆ.

ಸಿಲಿಂಡರಿನ ಅಗಲ 57 ಮಿ.ಮೀ., ಪಿಸ್ಟನ್ನಿನ ಓಟವೂ 57 ಮಿ.ಮೀ. ಲೆಕ್ಕ ಹಾಕಿದರೆ 145.45 ಸಿಸಿ. ಇದು ಟೂ-ಸ್ಟ್ರೋಕ್. ಇದರ ಕೆಳಗಿನ ಕ್ರ್ಯಾಂಕ್‌ಕೇಸು ಬರೀ ಪೆಟ್ಟಿಗೆಯಲ್ಲ, ಅದು ಎಂಜಿನ್ನಿನ ಪುಪ್ಪುಸ. ಪೆಟ್ರೋಲು-ಗಾಳಿ ಮೊದಲು ಅಲ್ಲಿ ಸೇರಿ, ಒತ್ತಡ ಪಡೆದು ಮೇಲಕ್ಕೆ ಹೋಗುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲು ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನೇ ತಿಳೀತದ.

ಮೊದಲು ಮ್ಯಾಗ್ನೆಟ್. ನಮ್ಮಲ್ಲಿ ಅನೇಕರು ಅದರ ರೆಕ್ಕೆಯೊಳಗೆ ಸ್ಕ್ರೂಡ್ರೈವರ್ ತುರುಕಿ ತಡೆದು, ನಟ್ ಬಿಚ್ಚಿ, ಆಮೇಲೆ ಕ್ರ್ಯಾಂಕಿನ ತುದಿಗೆ ಸುತ್ತಿಗೆಯಿಂದ ಹೊಡೀತಾರ. ಆ ರೆಕ್ಕೆಗಳೇ ಎಂಜಿನ್ನಿಗೆ ಗಾಳಿ ಬೀಸುವ ಫ್ಯಾನ್. ಮುರಿದರೆ ತಂಪೂ ಇಲ್ಲ, ತೂಕದ ಸಮತೋಲನವೂ ಇಲ್ಲ. ಕ್ರ್ಯಾಂಕ್ ಅಂತೂ ಒಂದೇ ತುಂಡಲ್ಲ, ಬಿಡಿ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಒಂದು ಜೋರು ಏಟಿಗೆ ಅದರ ನೇರ ತಪ್ಪುತ್ತದೆ. ಕಣ್ಣಿಗೆ ಕಾಣೂದಿಲ್ಲ, ಡಯಲ್ ಗೇಜ್ ಹಚ್ಚಿದರೆ ಮುಳ್ಳು ಅಲುಗಾಡಿ ತೋರಿಸ್ತದ. ಹೋಲ್ಡರಿನಿಂದ ಹಿಡಿದು, ಪುಲ್ಲರ್ ಹಾಕಿ ತಿರುಗಿಸಿದರೆ ಟಕ್ ಅಂತ ತಾನೇ ಬರ್ತದ. ಹೊಡೆಯೂದು ಬ್ಯಾಡ, ಬೈಯೂದೂ ಬ್ಯಾಡ.

ಆಮೇಲೆ ಕ್ಲಚ್. ಇದರ ನಟ್ಟಿಗೆ ಆರು ಮೂಲೆ ಇಲ್ಲ; ಕೋಟೆಯ ತೆನೆಯ ಹಾಗೆ ಕಚ್ಚು ಕಡಿದಿರ್ತದ. ಚಾಣ ಇಟ್ಟು ಹೊಡೆದರೆ ಒಂದೆರಡು ಸಲಕ್ಕೇ ಕಚ್ಚು ಸವೆದು ಹೋಗುತ್ತದೆ. ಅದಕ್ಕೆ ಅಷ್ಟೇ ಹಲ್ಲಿನ ಪಾನಾ ಬೇಕು, ಕ್ಲಚ್ ತಿರುಗದಂತೆ ಹಿಡಿಯುವ ಹೋಲ್ಡರ್ ಬೇಕು. ಪ್ಲೇಟ್ ಬದಲಿಸಲು ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬೇಕು. ಇಲ್ಲದಿದ್ದರೆ ಸ್ಪ್ರಿಂಗು ಚಿಮ್ಮಿ ಕಣ್ಣಿಗೇ ಬಂದೀತು.

ಕೇಸಿನ ಎರಡು ಹೋಳು ಬಿಡಿಸುವಾಗ ಸಂದಿಯೊಳಗೆ ಸ್ಕ್ರೂಡ್ರೈವರ್ ಹಾಕಬ್ಯಾಡ್ರಿ. ಅಲ್ಲಿ ಬಿದ್ದ ಗೀರೇ ನಾಳೆ ಗಾಳಿ ನುಗ್ಗುವ ದಾರಿ. ಬೇರಿಂಗ್ ಕೂಡಿಸುವಾಗ ಕೇಸನ್ನು ಹದವಾಗಿ ಕಾಯಿಸಿರಿ. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗ್ ಹೂವಿನಂಗ ಕೂಡ್ತದ.

ಆಯಿಲ್ ಸೀಲ್ ಎರಡೂ ಹೊಸದೇ ಹಾಕಿರಿ. ಹಳೆಯ ಗಾಡಿ ಬಂದಾಗ ಗುರುತು ಇಷ್ಟೇ: ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಎಣ್ಣೆ ಕುಡಿದು ಬಿಳಿ ಹೊಗೆ ಬಿಡುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಗಾಳಿ ಕುಡಿದು, ಆಕ್ಸಿಲರೇಟರ್ ಬಿಟ್ಟರೂ ಜೋರಾಗಿ ಕೂಗುತ್ತದೆ.

ಬೋರ್ ಸವೆದಿದ್ದರೆ ಕೊರೆಸಿ, 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬಹುದು. ಹೊಸ ರಿಂಗನ್ನು ಮೊದಲು ಸಿಲಿಂಡರಿನೊಳಗೆ ಇಳಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಸಾಮಾನ್ಯವಾಗಿ 0.2ರಿಂದ 0.35 ಮಿ.ಮೀ. ಇರಬೇಕು. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೇ ಇರಲಿ. "ಅಂದಾಜು ಸಾಕು" ಅನ್ನುವವನ ಎಂಜಿನ್ ಮತ್ತೆ ಮೇಜಿನ ಮೇಲೆ ಬರ್ತದ.

ಇಷ್ಟು ಹೇಳಿದ್ದು ಯಾಕಂದ್ರೆ, ಈ ಸಭೆಯೊಳಗೆ ಗ್ಯಾರೇಜಿನಲ್ಲಿ ದುಡಿಯುವ ಹುಡುಗರು ಬಹಳ ಮಂದಿ ಇದ್ದೀರಿ. ನಿಮಗೆ ಗೊತ್ತಿದೆ. ಗಾಡಿ ತೊಳೆಯುವಾಗ ನೀವು, ಪಂಕ್ಚರ್‌ಗೆ ನೀವು, ಪಾನಾ ಎತ್ತಿ ಕೊಡಲು ನೀವು. ಪುಲ್ಲರ್ ಇರುವ ಪೆಟ್ಟಿಗೆಯ ಬೀಗ ತೆಗೆಯುವ ಹೊತ್ತಿಗೆ ಮಾತ್ರ "ಹೋಗಲೇ, ಚಹಾ ತಗೊಂಡು ಬಾ." ನೀವು ಬರೂದರೊಳಗ ಎಂಜಿನ್ ಬಿಚ್ಚಿ ಆಗಿರ್ತದ. ಹಿಂಗ ಹತ್ತು ವರ್ಷ ಹೆಲ್ಪರ್ ಆಗಿಯೇ ಉಳಿದವರನ್ನು ನಾನು ಕಂಡೀನಿ. ಗ್ಯಾರೇಜಿನಲ್ಲಿ ಜಾತಿ ಬೋರ್ಡು ಹಾಕಿಕೊಂಡು ಕೂಡೂದಿಲ್ಲ. ಯಾರ ಕೈಗೆ ಯಾವ ಪಾನಾ ಕೊಡ್ತಾರ ಅನ್ನೂದರೊಳಗ ಇರ್ತದ. ಹೆಲ್ಪರಿಗೂ ಮಿಸ್ತ್ರಿಗೂ ನಡುವೆ ಇರುವುದು ಜಾಣತನದ ಅಂತರವಲ್ಲ, ಆ ಬೀಗದ ಅಂತರ.

ಬೀಗದ ಕೀಲಿ ಬೇಡುತ್ತ ಕೂಡಬ್ಯಾಡ್ರಿ. ನಮ್ಮದೇ ಪೆಟ್ಟಿಗೆ ಮಾಡೋಣ. ಕೆಲವನ್ನು ಕೊಳ್ಳಬೇಕು: ಮ್ಯಾಗ್ನೆಟ್ ಪುಲ್ಲರ್, ಬೇರಿಂಗ್ ಪುಲ್ಲರ್, ಫೀಲರ್ ಗೇಜ್, ಟಾರ್ಕ್ ರೆಂಚ್. ಕೆಲವನ್ನು ನಾವೇ ಮಾಡಬಹುದು. ಕಬ್ಬಿಣದ ಪಟ್ಟಿಗೆ ಎರಡು ಬೋಲ್ಟ್ ಹಾಕಿದರೆ ಹೋಲ್ಡರ್. ಅಳತೆಯ ಗಟ್ಟಿ ಪೈಪಿನ ಬಾಯಿಗೆ ಕಾನಸಿನಿಂದ ಹಲ್ಲು ಕಡಿದರೆ ಕ್ಲಚ್ ಪಾನಾ. ನಮ್ಮ ಹಿರಿಯರು ಅರಿ, ಉಳಿಯ ಹಿಡಿಯನ್ನು ತಮ್ಮ ಕೈಗೆ ತಕ್ಕಂತೆ ತಾವೇ ಮಾಡಿಕೊಳ್ಳುತ್ತಿದ್ದರು. ಇದೇನು ನಮಗೆ ಹೊಸದಲ್ಲ.

ಸಂಘಕ್ಕೆ ನನ್ನ ವಿನಂತಿ ಒಂದೇ. ಪುಸ್ತಕದ ಕಪಾಟಿನ ಪಕ್ಕದಲ್ಲಿ ಒಂದು ಹತಾರದ ಪೆಟ್ಟಿಗೆ ಇರಲಿ. ಪುಸ್ತಕ ಒಯ್ದಂತೆ ರಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಲಿ, ಒರೆಸಿ, ಎಣ್ಣೆ ಹಚ್ಚಿ ತಂದಿಡಲಿ. ತಂಗಿಯರೂ ಒಯ್ಯಲಿ, ಪುಲ್ಲರಿಗೆ ತೋಳಿನ ಬಲ ಬೇಕಿಲ್ಲ, ಅದಕ್ಕಂತಲೇ ಅದನ್ನು ಮಾಡ್ಯಾರ. ಭಂಗಾರಕ್ಕೆ ಹೊರಟ ಒಂದು ಚೇತಕ್ ಎಂಜಿನ್ ಹುಡುಕಿ ಕೊಡ್ರಿ. ಪ್ರತಿ ರವಿವಾರ ಸಂಜೆ ನಾನು ಬರ್ತೀನಿ. ಬಿಚ್ಚೂದು ನೀವು, ಕಟ್ಟೂದೂ ನೀವು. ಆವತ್ತು ಚಹಾ ತರೂದು ನನ್ನ ಕೆಲಸ.

ಜೈ ಭೀಮ್.